ಕೊನೆಯ ಟ್ರೇಯ ಆರು ಹಕ್ಕಿಗಳು

ಮ್ಯೂಸಿಯಮ್ಮಿನಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು, ಬಾಗಿಲಲ್ಲಿ ಟಿಕೆಟ್ ಹರಿಯುವವನಿಂದ ಹಿಡಿದು ಮುಖ್ಯಸ್ಥರವರೆಗೆ. ನಿಜಕ್ಕೂ ಹಾಗೆ ಕರೆಯಬೇಕಾದವಳು ಒಬ್ಬಳೇ, ಗಂಡನ ತಂಗಿ. ತಾಯಿ ಹೋದ ಮೇಲೆ ಅಣ್ಣನ ಮನೆ ಸೇರಿದ ಆ ಒಂಬತ್ತು ವರ್ಷದ ಹುಡುಗಿ ಶಾಲೆ ಬಿಟ್ಟ ಕೂಡಲೇ ಇಲ್ಲಿಗೆ ಓಡಿಬಂದು, ಮೂರನೇ ಮಹಡಿಯ ಉದ್ದನೆಯ ಹಾಲಿನ ಬಾಗಿಲಲ್ಲಿ ನಿಂತು "ಅತ್ತಿಗೇ" ಎಂದು ಕೂಗುತ್ತಿದ್ದಳು. ಕಬ್ಬಿಣದ ಕಪಾಟುಗಳ ನಡುವೆ ಅದು ಮೂರು ನಾಲ್ಕು ಸಲ ಮರುದನಿಗೊಳ್ಳುತ್ತಿತ್ತು. ಕೇಳಿದವರೆಲ್ಲ ಅದನ್ನೇ ಹಿಡಿದುಕೊಂಡರು. ಹುಡುಗಿ ಬೆಳೆದು ದೊಡ್ಡ ಓದಿಗೆ ದೂರ ಹೋದಳು, ಹೆಸರು ಮಾತ್ರ ಇಲ್ಲೇ ಉಳಿಯಿತು. ಕೊರಳಿನ ಗುರುತಿನ ಚೀಟಿಯ ಮೇಲೆ ಬೇರೆ ಹೆಸರಿತ್ತು ನಿಜ. ಅದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಅತ್ತಿಗೆಯ ಕೆಲಸ ಹಕ್ಕಿಗಳ ಕಪಾಟು ನೋಡಿಕೊಳ್ಳುವುದು. ಜನ ಟಿಕೆಟ್ ಕೊಂಡು ನೋಡುವ, ಗಾಜಿನ ಹಿಂದೆ ಕೊಂಬೆಯ ಮೇಲೆ ಕೂರಿಸಿದ ಹಕ್ಕಿಗಳು ಕೆಳಗಿನ ಮಹಡಿಯಲ್ಲಿದ್ದವು. ಇವು ಬೇರೆ. ಒಳಗಿನದನ್ನೆಲ್ಲ ತೆಗೆದು, ಹತ್ತಿ ತುಂಬಿ, ಹೊಲಿದು, ರೆಕ್ಕೆ ಮಡಿಸಿ ಅಂಗಾತ ಮಲಗಿಸಿದವು. ಒಂದೊಂದು ಟ್ರೇಯಲ್ಲಿ ಆರೋ ಹತ್ತೋ ಹನ್ನೆರಡೋ, ಹೆರಿಗೆ ವಾರ್ಡಿನ ಕೂಸುಗಳ ಹಾಗೆ ಸಾಲಾಗಿ. ಪ್ರತಿಯೊಂದರ ಕಾಲಿಗೂ ದಾರದಿಂದ ಕಟ್ಟಿದ ಚೀಟಿ. ಎಲ್ಲಿ ಸಿಕ್ಕಿತು, ಯಾವಾಗ, ಯಾರು ತಂದರು, ಯಾವ ಪ್ರಭೇದ ಎಂಬುದೆಲ್ಲ ಅದರಲ್ಲಿ. ಚೀಟಿ ಬಿದ್ದುಹೋದರೆ ಅದು ಬರೀ ಪುಕ್ಕದ ಗಂಟು. ಅಂಥ ಹದಿನೆಂಟು ಸಾವಿರ ಹಕ್ಕಿಗಳಿಗೆ ನುಸಿ ಹತ್ತದಂತೆ, ಬಿಸಿಲು ತಾಗದಂತೆ, ಒಂದರ ಚೀಟಿ ಇನ್ನೊಂದರ ಕಾಲಿಗೆ ಹೋಗದಂತೆ ಅವಳು ಇಪ್ಪತ್ತಾರು ವರ್ಷ ಕಾದಿದ್ದಳು.

ಅಲ್ಲಿ ಒಂದು ಕಟ್ಟುಪಾಡು ಇತ್ತು. ಚೀಟಿಯ ಮೇಲೆ ಬರೆಯುವುದು ಪದವಿ ಪಡೆದ ವಿದ್ವಾಂಸರ ಕೆಲಸ, ಅತ್ತಿಗೆ ಒಂದು ಚುಕ್ಕೆಯನ್ನೂ ಇಡುವಂತಿರಲಿಲ್ಲ. ಹಾಗೆಯೇ ಹಕ್ಕಿಯನ್ನು ಟ್ರೇಯಿಂದ ಎತ್ತುವುದು, ತಿರುಗಿಸುವುದು, ಬ್ಲೇಡು ತಾಗಿಸುವುದು ಅವಳೊಬ್ಬಳ ಕೆಲಸ. ಎಂಥ ವಿದ್ವಾಂಸ ಬಂದರೂ ಕೈಕಟ್ಟಿ ನಿಂತು, "ಅದನ್ನ ಸ್ವಲ್ಪ ತೋರಿಸ್ತೀರಾ ಅತ್ತಿಗೆ?" ಎನ್ನಬೇಕು. "ಬಾಯಿ ಅವರದು, ಕೈ ನನ್ನದು" ಎಂದು ಅವಳು ತಮಾಷೆ ಮಾಡುತ್ತಿದ್ದಳು. ಕಣ್ಣು ಯಾರದು ಎಂದು ಯಾರೂ ಕೇಳಿರಲಿಲ್ಲ.

ಅವಳ ಜೀವವಿದ್ದದ್ದು ಪಿಕಳಾರಗಳ ಕಪಾಟಿನಲ್ಲಿ. ಬಿಸಿಲ ನಾಡುಗಳ ಹಾಡುಹಕ್ಕಿಗಳಲ್ಲಿ ಅವುಗಳದು ದೊಡ್ಡ ಕುಟುಂಬ, ನೂರೈವತ್ತಕ್ಕೂ ಮಿಕ್ಕಿ ಪ್ರಭೇದಗಳು. ನೋಡಲು ಅಂಥ ಚೆಲುವೇನಿಲ್ಲ. ಹೆಚ್ಚಿನವು ಕಂದು, ಬೂದು, ಇಲ್ಲವೆ ಒಗೆದೊಗೆದು ಮಾಸಿದ ಹಸಿರು. ಕೆಲವಕ್ಕೆ ತಲೆಯ ಮೇಲೊಂದು ಜುಟ್ಟು, ಕೆಲವಕ್ಕೆ ಬಾಲದ ಬುಡದಲ್ಲಿ ಚಿಟಿಕೆ ಕೆಂಪೋ ಹಳದಿಯೋ, ಅಷ್ಟೇ ಶೃಂಗಾರ. ಗಂಡಿಗೂ ಹೆಣ್ಣಿಗೂ ಒಂದೇ ಉಡುಪು. ಮೋಟು ಕತ್ತು, ಮೋಟು ದುಂಡು ರೆಕ್ಕೆ, ಉದ್ದ ಬಾಲ, ಬಾಯಿಯ ಅಂಚಿನಲ್ಲಿ ಮೀಸೆಯಂಥ ಬಿರುಗೂದಲು. ಇವೆಲ್ಲ ಬೇರೆ ಹಕ್ಕಿಗಳಲ್ಲೂ ಇರಬಹುದು. ಆದರೆ ಪಿಕಳಾರಕ್ಕೆ ಇನ್ನೊಂದು ಗುರುತುಂಟು. ಕತ್ತಿನ ಹಿಂಭಾಗದಲ್ಲಿ, ಗರಿಗಳ ನಡುವಿನಿಂದ ಇಣುಕುವ ನಾಲ್ಕಾರು ಕೂದಲೆಳೆಗಳು, ಗರಿಯೂ ಅಲ್ಲದ ಕೂದಲೂ ಅಲ್ಲದ ಎಳೆಗಳು. ಬರಿಗಣ್ಣಿಗೆ ಕಾಣುವುದಿಲ್ಲ. ದೀಪವನ್ನು ಪಕ್ಕಕ್ಕೆ ಓರೆಯಾಗಿಟ್ಟು, ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ನೋಡಬೇಕು.

ಇಪ್ಪತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅತ್ತಿಗೆ ಹಾಗೆ ನೋಡುತ್ತ ನೋಡುತ್ತ ಕಪಾಟಿನ ಕೊನೆಯ ಟ್ರೇಗೆ ಬಂದಳು. ಅಲ್ಲಿ ಆರು ಹಸಿರು ಹಕ್ಕಿಗಳಿದ್ದವು. ಯಾವುದೋ ದ್ವೀಪದ ಒಂದೇ ಒಂದು ಕಾಡಿನಿಂದ ನೂರು ವರ್ಷದ ಹಿಂದೆ ಬಂದವು. ಬಣ್ಣದಲ್ಲಿ ಪಕ್ಕದ ಟ್ರೇಯ ಪಿಕಳಾರಗಳಿಗೂ ಇವಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಆರರಲ್ಲಿ ಒಂದಕ್ಕೂ ಕತ್ತಿನ ಎಳೆಗಳಿರಲಿಲ್ಲ. ಅವಳು ದೀಪ ಸರಿಸಿ ನೋಡಿದಳು, ಕನ್ನಡಿ ಒರೆಸಿ ನೋಡಿದಳು, ಮರುದಿನ ಬಂದು ಮತ್ತೆ ನೋಡಿದಳು. ಇಲ್ಲ ಎಂದರೆ ಇಲ್ಲ. ಇವು ಪಿಕಳಾರಗಳಲ್ಲ, ಹಸಿರು ಅಂಗಿ ನೋಡಿ ಯಾರೋ ತಂದು ಇಲ್ಲಿ ಕೂರಿಸಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು.

ಆಗಿನ ಮುಖ್ಯಸ್ಥರಿಗೆ ಹೇಳಿದ್ದಳು. ಅವರು ಕಾಫಿ ಲೋಟ ಕೆಳಗಿಡದೆ, "ನೂರು ವರ್ಷದಲ್ಲಿ ಉದುರಿಹೋಗಿರ್ತವಮ್ಮ. ನನ್ನ ತಲೆ ನೋಡು, ಐವತ್ತಕ್ಕೇ ಎಲ್ಲಾ ಹೋಗಿದೆ" ಎಂದು ನಕ್ಕಿದ್ದರು. ಪಕ್ಕದ ಟ್ರೇಯವೂ ಅಷ್ಟೇ ಹಳೆಯವು, ಅವುಗಳ ಎಳೆ ಯಾಕೆ ಉದುರಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಬರೆದಿಡಲು ಅವಳಿಗೆ ಚೀಟಿಯಿರಲಿಲ್ಲ. ಹೇಳಿಕೊಳ್ಳಲು ಇದ್ದವಳು ಒಬ್ಬಳೇ. ಸ್ಟೂಲಿನ ಮೇಲೆ ಕಾಲು ಜೋತುಬಿಟ್ಟು ಕೂತು ಲೆಕ್ಕದ ಹೋಮ್‌ವರ್ಕ್ ಮಾಡುತ್ತಿದ್ದ ನಾದಿನಿ. ಹುಡುಗಿ ಎಷ್ಟು ತೆಳ್ಳಗಿದ್ದಳೆಂದರೆ ಮನೆಯಲ್ಲಿ ಅವಳನ್ನು ಕಡ್ಡಿ ಎನ್ನುತ್ತಿದ್ದರು.

"ಕಡ್ಡಿ, ಬಾ ಇಲ್ಲಿ. ಈ ಎರಡು ಟ್ರೇಯಲ್ಲಿ ಯಾವುದು ನೆಂಟರಲ್ಲ ಹೇಳು ನೋಡೋಣ?"

ಹುಡುಗಿ ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿ, "ಇವು! ಇವಕ್ಕೆ ಕತ್ತಲ್ಲಿ ಕೂದ್ಲಿಲ್ಲ!" ಎಂದು ಕುಣಿದಿದ್ದಳು. ಅತ್ತಿಗೆಗೆ ಅವತ್ತು ಆದ ಹಿಗ್ಗು ಹೇಳತೀರದು. ತಾನು ಕಂಡದ್ದನ್ನು ಇನ್ನೊಂದು ಜೋಡಿ ಕಣ್ಣು ಕಂಡಿತಲ್ಲ ಎಂದು.

ಈಗ ಆ ಕಣ್ಣುಗಳೇ ಹಿಂದಿರುಗಿ ಬರುತ್ತಿದ್ದವು. ಕಡ್ಡಿ ಮೂವತ್ತೊಂದರ ವಿದ್ವಾಂಸೆ. ಪಿಕಳಾರಗಳ ಇಡೀ ಕುಟುಂಬವನ್ನು ಡಿಎನ್‌ಎ ಹಿಡಿದು ಹೊಸದಾಗಿ ವರ್ಗೀಕರಿಸುವ ದೊಡ್ಡ ಯೋಜನೆಗೆ ಅವಳೇ ಮುಖ್ಯಸ್ಥೆ. ಮ್ಯೂಸಿಯಮ್ಮಿನ ಹಕ್ಕಿಗಳಿಂದ ಮಾದರಿ ತೆಗೆಯಲು ಮೂರು ವಾರಕ್ಕೆ ಬರುವವಳಿದ್ದಳು.

"ಏನೇ, ಒಳಗಿನ ರೂಮು ಖಾಲಿ ಮಾಡು" ಎಂದ ಗಂಡ. ಅವನದು ಕನ್ನಡಕದ ಅಂಗಡಿ. ಕಣ್ಣು ತೋರಿಸಲು ಬಂದವರ ಮೂಗಿನ ಮೇಲೆ ಚೌಕಟ್ಟು ಏರಿಸಿ, ಅವರು ಅಲುಗಾಡದಂತಾದ ಮೇಲೆ ತಂಗಿಯ ಸುದ್ದಿ ಶುರುಮಾಡುವುದು ಅವನ ಪದ್ಧತಿ.

"ಮೂರು ವಾರ ಇರೋಳಿಗೆ ರೂಮ್ ಯಾಕ್ರೀ? ಮೊದಲಿಂದ ಹಾಲಲ್ಲೇ ಮಲಗ್ತಿದ್ದವಳು ತಾನೆ?"

"ಆಗ ಅವಳು ಕಡ್ಡಿ. ಈಗ ಡಾಕ್ಟರು."

"ಡಾಕ್ಟರಾದ ಮೇಲೆ ಕಾಲು ಉದ್ದ ಬೆಳೆಯುತ್ತೇನೋ."

ಅವನು ನಕ್ಕ. ಅವಳೂ ನಕ್ಕಳು. ಆದರೆ ರೂಮಿನ ಮೂಲೆಯಲ್ಲಿದ್ದ ತನ್ನ ಹೊಲಿಗೆ ಮಿಷನ್ನನ್ನು ಅವಳೇ ಹೊರಗೆ ತಳ್ಳಬೇಕಾಯಿತು. ಇಪ್ಪತ್ತಾರು ವರ್ಷದಲ್ಲಿ ಗಂಡ ಒಂದು ಸಲವೂ ಗಿರಾಕಿಗಳಿಗೆ ಹೆಂಡತಿಯ ಸುದ್ದಿ ಹೇಳಿದ್ದಿಲ್ಲ. ಹೇಳಲು ಏನಿದೆ? ಹೆಂಡತಿ ಸತ್ತ ಹಕ್ಕಿಗಳ ಧೂಳು ಹೊಡೆಯುತ್ತಾಳೆ ಎಂದು ಹೇಳಬೇಕೇ?

ಕಡ್ಡಿ ಬಂದಳು. ಈಗ ಕಡ್ಡಿಯಂತೇನೂ ಇರಲಿಲ್ಲ, ಮೈಕೈ ತುಂಬಿಕೊಂಡಿದ್ದಳು. ಬಂದವಳೇ ಅತ್ತಿಗೆಯನ್ನು ತಬ್ಬಿ, "ಅಯ್ಯೋ ಅತ್ತಿಗೆ, ಅದೇ ನುಸಿಗುಳಿಗೆ ವಾಸನೆ! ಆ ಊರಲ್ಲಿ ಎಲ್ಲಾದ್ರೂ ಈ ವಾಸನೆ ಬಂದ್ರೆ ನಿಮ್ಮದೇ ನೆನಪು" ಎಂದಳು. ಪ್ರೀತಿಯ ಮಾತೇ. ಆದರೂ ಅತ್ತಿಗೆ ಆ ದಿನ ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡಳು.

ಮರುದಿನ ಮುಖ್ಯಸ್ಥರ ಕೋಣೆಯಲ್ಲಿ ಕೂತು ಕಡ್ಡಿ ಯೋಜನೆ ವಿವರಿಸಿದಳು. ಈಗಿನ ಮುಖ್ಯಸ್ಥರು ಅತ್ತಿಗೆಗಿಂತ ಎಂಟು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಕಡ್ಡಿ ಕಾಗದದ ಮೇಲೆ ಒಂದು ಮರ ಬರೆದಳು. ಬುಡದಲ್ಲೇ ಎರಡಾಗಿ ಸೀಳಿದ ಮರ, ಒಂದು ಕೊಂಬೆ ಒಂದು ಖಂಡದ ಪಿಕಳಾರಗಳು, ಇನ್ನೊಂದು ಕೊಂಬೆ ಇನ್ನೊಂದು ಖಂಡದವು. "ಹಳೆಯವರು ಎಲ್ಲಿಗೂ ಸೇರದ ಹಸಿರು ಹಕ್ಕಿಗಳನ್ನೆಲ್ಲ ಇದಕ್ಕೆ ತಂದು ತುರುಕಿದ್ರು ಸರ್. ಒಂದು ಕಾಲಕ್ಕೆ ಎಲೆಹಕ್ಕಿಗಳೂ ಇಲ್ಲೇ ಇದ್ವು. ಒಂದೊಂದಾಗಿ ಹೊರಗೆ ಹೋದ್ವು. ಇನ್ನೂ ಕೆಲವು ಉಳ್ಕೊಂಡಿವೆ ಅಂತ ನನ್ನ ಅನುಮಾನ. ಮುಖ್ಯವಾಗಿ ಕೊನೆಯ ಟ್ರೇಯ ಆರು. ಅವಕ್ಕೆ ಕತ್ತಿನ ಎಳೆ ಇಲ್ಲ. ಚಿಕ್ಕಂದಿನಲ್ಲಿ ಇಲ್ಲಿ ಕೂತು ನೋಡ್ತಿದ್ದಾಗಲೇ ನಂಗದು ಹೊಳೆದಿತ್ತು."

"ಎಷ್ಟು ವಯಸ್ಸು ಆಗ?"

"ಹತ್ತು ಇರ್ಬೇಕು ಸರ್."

"ಹತ್ತು ವರ್ಷಕ್ಕೆ! ಕೇಳಿದ್ರಾ ಅತ್ತಿಗೆ, ನಿಮ್ಮ ಕಣ್ಣೆದುರಿಗೇ!"

ಅತ್ತಿಗೆ ಗೋಡೆಯ ಪಕ್ಕ ನಿಂತಿದ್ದಳು. ಕಡ್ಡಿಯ ಮುಖ ನೋಡಿದಳು. ಅಲ್ಲಿ ಕಳ್ಳತನದ ನೆರಳೂ ಇರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕದ್ದಿದ್ದರೆ ಬೈಯಬಹುದಿತ್ತು. ಇವಳು ಮರೆತಿದ್ದಳು. ಆ ಸ್ಟೂಲು, ಆ ದೀಪ, ಆ ಭೂತಗನ್ನಡಿ ಎಲ್ಲವೂ ನೆನಪಿದ್ದು, ಕನ್ನಡಿಯನ್ನು ಕೈಗೆ ಕೊಟ್ಟವಳೊಬ್ಬಳು ಮಾತ್ರ ನೆನಪಿನಿಂದ ಜಾರಿಹೋಗಿದ್ದಳು. "ಹೂಂ ಸರ್" ಎಂದಳು ಅತ್ತಿಗೆ. "ನನ್ನ ಕಣ್ಣೆದುರಿಗೇ."

ಅವತ್ತಿನಿಂದ ಅವಳಿಗೆ ಕಡ್ಡಿ ಉಂಡರೂ ತಪ್ಪಾಗಿ ಕಂಡಳು, ಕೂತರೂ ತಪ್ಪಾಗಿ ಕಂಡಳು. ಬಚ್ಚಲಲ್ಲಿ ಅವಳು ಗುನುಗುವ ಹಾಡು, ಮೇಜಿನ ಮೇಲೆ ಹರಡಿಕೊಳ್ಳುವ ಕಾಗದಗಳು, ಅಣ್ಣ ಅವಳ ಎದುರು ಕೂತು ಬಾಯಿ ತೆರೆದು ಕೇಳುವ ರೀತಿ. ಒಂದು ಸಂಜೆ ಅವನು ಅನ್ನ ಕಲಸುತ್ತ, "ಅಲ್ವೇ, ಆ ಆರು ಹಕ್ಕಿ ವಿಷಯ ನಿಂಗೂ ಗೊತ್ತಿರಲಿಲ್ವಾ? ದಿನಾ ನೋಡ್ತಿದ್ದೀಯಲ್ಲ?" ಎಂದ.

"ನಂಗೆ ಹೇಗೆ ಗೊತ್ತಾಗುತ್ತೆ? ನಾನೇನು ಡಾಕ್ಟರೇ?"

"ಅದೂ ಸರಿ" ಎಂದು ಅವನು ಒಪ್ಪಿಕೊಂಡುಬಿಟ್ಟ. ಅವಳು ತಟ್ಟೆಯನ್ನು ಸಿಂಕಿಗೆ ಕುಕ್ಕಿದ ಸದ್ದಿಗೆ ಕಡ್ಡಿ, "ಒಡೀತಾ ಅತ್ತಿಗೆ?" ಎಂದು ಒಳಗಿನಿಂದ ಕೇಳಿದಳು.

ಮಾದರಿ ತೆಗೆಯುವ ಕೆಲಸ ಹದಿನೈದು ದಿನ ನಡೆಯಿತು. ಅತ್ತಿಗೆ ಪ್ರತಿ ಹಕ್ಕಿಗೂ ಹೊಸ ಗ್ಲೌಸು ಹಾಕಿ, ಹೊಸ ಬ್ಲೇಡು ತೆಗೆದು, ಹಕ್ಕಿಯನ್ನು ಎಡ ಅಂಗೈಯಲ್ಲಿ ಮಲಗಿಸಿಕೊಂಡು, ಕಾಲ್ಬೆರಳಿನ ಅಡಿಯ ಮೆತ್ತೆಯಿಂದ ಎಳ್ಳಿನ ಕಾಳಷ್ಟು ಚರ್ಮ ಕತ್ತರಿಸುವಳು. ಕಡ್ಡಿ ಬೆರಳುದ್ದದ ಸೀಸೆ ಹಿಡಿಯುವಳು, ಅದರ ಮೇಲೆ ಸಂಖ್ಯೆ ಬರೆಯುವಳು. ಕೊನೆಗೆ ಮಾದರಿ ತೆಗೆದದ್ದಕ್ಕೆ ಗುರುತಾಗಿ ಹಕ್ಕಿಯ ಕಾಲಿಗೆ ಒಂದು ಕೆಂಪು ಪಟ್ಟಿ. ಅತ್ತಿಗೆಯ ಕೈ ಒಂದು ಕೂದಲಷ್ಟೂ ಆಚೀಚೆ ಹೋಗುತ್ತಿರಲಿಲ್ಲ. "ಈ ಕೈ ನಂಗೆ ಕೊಟ್ಬಿಡಿ ಅತ್ತಿಗೆ" ಎಂದು ಕಡ್ಡಿ ಒಮ್ಮೆ ಅಂದಳು. ಕಣ್ಣು ಆಯಿತು, ಇನ್ನು ಕೈಯೂ ಬೇಕಂತೆ ಎಂದುಕೊಂಡಳು ಅತ್ತಿಗೆ.

ಕೊನೆಯ ದಿನ ಕೊನೆಯ ಟ್ರೇ ಬಂತು. ಆರರಲ್ಲಿ ಎರಡು ಹಕ್ಕಿಗಳಿಂದ ಮಾದರಿ ತೆಗೆಯಬೇಕು. ಅತ್ತಿಗೆ ಮೊದಲನೆಯದನ್ನು ಕೈಗೆತ್ತಿಕೊಳ್ಳುವಾಗ ಕೆಳಗಿನಿಂದ ಕಡ್ಡಿಗೆ ಕರೆ ಬಂತು. ಪತ್ರಿಕೆಯವರು ಬಂದಿದ್ದಾರೆ, ಫೋಟೋ ಬೇಕಂತೆ.

"ಅತ್ತಿಗೆ, ಈ ಎರಡು ನೀವೇ ಮುಗಿಸ್ಬಿಡಿ. ಸೀಸೆ ಮೇಲೆ ನಂಬರ್ ಬರೆದಿಟ್ಟಿದ್ದೀನಿ" ಎಂದು ಹೇಳಿ ಅವಳು ಕಪಾಟಿನ ಬಾಗಿಲಿನ ಹೊಳಪಿನಲ್ಲಿ ಮುಖ ನೋಡಿಕೊಂಡು, ಕೂದಲು ಸರಿಮಾಡಿಕೊಂಡು ಇಳಿದುಹೋದಳು.

ಹಾಲಿನಲ್ಲಿ ಸದ್ದಿರಲಿಲ್ಲ. ಅತ್ತಿಗೆಯ ಅಂಗೈಯಲ್ಲಿ ದ್ವೀಪದ ಹಕ್ಕಿ ಹಗುರಾಗಿ ಮಲಗಿತ್ತು. ಈ ಎಳ್ಳಿನಷ್ಟು ಚರ್ಮ ಸೀಸೆಗೆ ಬಿದ್ದರೆ ಎರಡು ತಿಂಗಳಲ್ಲಿ ಲೋಕಕ್ಕೆಲ್ಲ ಗೊತ್ತಾಗುತ್ತದೆ, ಇವು ಪಿಕಳಾರಗಳಲ್ಲ, ಹತ್ತು ವರ್ಷದ ಹುಡುಗಿಯೊಬ್ಬಳು ಕಂಡುಹಿಡಿದಳು ಎಂದು. ಗಂಡ ಎಲ್ಲರ ಮೂಗಿನ ಮೇಲೂ ಅದನ್ನು ಏರಿಸುತ್ತಾನೆ. ಕೆಳಗೆ ಕಡ್ಡಿ ಈಗ ಫೋಟೋಗೆ ನಗುತ್ತಿರಬಹುದು. ಅವಳು ಹಕ್ಕಿಯನ್ನು ವಾಪಸ್ಸು ಇಟ್ಟಳು. ಪಕ್ಕದ ಟ್ರೇಯಿಂದ, ಕತ್ತಿನಲ್ಲಿ ಎಳೆಗಳಿದ್ದ ಅಪ್ಪಟ ಪಿಕಳಾರವೊಂದನ್ನು ಎತ್ತಿದಳು. ಕೈ ಎಂದಿನಂತೆ ಶುದ್ಧವಾಗಿ ಕತ್ತರಿಸಿತು. ಇನ್ನೊಂದನ್ನೂ. ಚೂರುಗಳನ್ನು ಸೀಸೆಗಳಿಗೆ ಹಾಕಿ, ಕೆಂಪು ಪಟ್ಟಿಗಳನ್ನು ದ್ವೀಪದ ಹಕ್ಕಿಗಳ ಕಾಲಿಗೆ ಕಟ್ಟಿ, ರಿಜಿಸ್ಟರಿನಲ್ಲಿ ಸಹಿ ಮಾಡಿದಳು. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಮನಸ್ಸಿಗೆ ಎಷ್ಟು ತಂಪಾಯಿತೆಂದರೆ, ಅವತ್ತು ಮನೆಗೆ ಹೋಗಿ ಕಡ್ಡಿಯ ಬಟ್ಟೆಗಳನ್ನು ಅವಳೇ ಮಡಿಸಿ ಪೆಟ್ಟಿಗೆಗೆ ತುಂಬಿಕೊಟ್ಟಳು.

ತಂಪು ಒಂದು ವಾರ ಉಳಿಯಿತು. ಆಮೇಲೆ ಏನಾಯಿತೋ, ಅವಳಿಗೆ ಕೊನೆಯ ಟ್ರೇ ತೆರೆಯಲು ಮನಸ್ಸಾಗುತ್ತಿರಲಿಲ್ಲ. ಪಿಕಳಾರಗಳ ಕಪಾಟಿಗೆ ನುಸಿಗುಳಿಗೆ ಇಡುವ ಸರದಿ ಬಂದಾಗ ಆ ಡ್ರಾಯರನ್ನು ಅರ್ಧ ಮಾತ್ರ ಎಳೆದು, ತಡಕಾಡಿ ಇಟ್ಟು ಮುಚ್ಚಿದಳು.

ಎರಡು ತಿಂಗಳ ಮೇಲೆ ಕಡ್ಡಿ ಫಲಿತಾಂಶ ಹಿಡಿದು ಬಂದಳು. ಮುಖ್ಯಸ್ಥರ ಮೇಜಿನ ಮೇಲೆ ಮರವನ್ನು ಹರಡಿದಳು. ಈ ಸಲ ಅದು ಎಲೆ ಕೊಂಬೆಗಳೆಲ್ಲ ತುಂಬಿದ, ಮೇಜಿನ ಅಂಚಿನಿಂದಾಚೆ ಇಳಿಬಿದ್ದ ಕಾಗದ.

"ನಾನು ಅಂದ್ಕೊಂಡಿದ್ದು ತಪ್ಪಾಯ್ತು ಸರ್. ಕೊನೆಯ ಟ್ರೇಯವು ಪಿಕಳಾರಗಳೇ. ಅಷ್ಟೇ ಅಲ್ಲ, ಪಕ್ಕದ ಟ್ರೇಯ ಪ್ರಭೇದಕ್ಕೂ ಇವಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲ. ಎರಡೂ ಒಂದೇ ಹಕ್ಕಿ. ಅಂದ್ರೆ ಈ ದ್ವೀಪದ ಹಕ್ಕಿ ಅನ್ನೋ ಪ್ರಭೇದವೇ ಇಲ್ಲ. ಹೆಸರನ್ನ ಪಟ್ಟಿಯಿಂದ ಹೊಡೆದುಹಾಕ್ಬೇಕು."

ಮುಖ್ಯಸ್ಥರು ಹುಬ್ಬೇರಿಸಿದರು. "ಒಂದಿಷ್ಟೂ ವ್ಯತ್ಯಾಸ ಇಲ್ವೇ? ಮಾದರಿ ಎಲ್ಲೋ ಅದಲುಬದಲು ಆಗಿರಬಹುದಾ?"

ಗೋಡೆಯ ಪಕ್ಕ ನಿಂತಿದ್ದ ಅತ್ತಿಗೆ ನೆಲ ನೋಡಿದಳು.

ಕಡ್ಡಿ ನಕ್ಕುಬಿಟ್ಟಳು. "ಕತ್ತರಿಸಿದ್ದು ಅತ್ತಿಗೆ, ಸರ್. ಇಪ್ಪತ್ತಾರು ವರ್ಷದಲ್ಲಿ ಒಂದು ಪುಕ್ಕ ಅವರ ಕೈಯಿಂದ ಜಾಗ ತಪ್ಪಿಲ್ಲ. ನನ್ನ ಕೈಯಾಗಿದ್ರೆ ಅನುಮಾನಪಡಬಹುದಿತ್ತು." ಆಮೇಲೆ ಏನೋ ನೆನಪಾದವಳಂತೆ ತಿರುಗಿದಳು. "ಅಲ್ವಾ ಅತ್ತಿಗೆ, ನೀವೇ ತಾನೆ ಅದನ್ನ ನಂಗೆ ಮೊದಲು ತೋರಿಸಿದ್ದು? ಕತ್ತಲ್ಲಿ ಕೂದಲಿಲ್ಲ ಅಂತ? ಈಗ ನೆನಪಾಗ್ತಿದೆ. ನಾನು ಚಿಕ್ಕೋಳು, ನೀವು ಹೇಳಿದ್ದು ಕಣ್ಮುಚ್ಚಿ ನಂಬ್ಬಿಟ್ಟೆ. ಸರ್, ತಪ್ಪು ನನ್ನದಲ್ಲ, ನಮ್ಮ ಅತ್ತಿಗೇದು!"

ಮುಖ್ಯಸ್ಥರೂ ನಕ್ಕರು. ಬೇಸರವಿಲ್ಲದ, ಮನೆಯವರ ನಡುವಿನ ನಗು. "ಹೋಗ್ಲಿ ಬಿಡಿ, ಒಂದು ಟ್ರೇ ಜಾಗ ಉಳೀತು. ಅತ್ತಿಗೆ, ಆ ಆರನ್ನೂ ಇವತ್ತೇ ಪಕ್ಕದ ಟ್ರೇಗೆ ಸೇರಿಸಿಬಿಡಿ. ಡಾಕ್ಟರು ಚೀಟಿ ಬದಲಾಯಿಸ್ತಾರೆ."

ಮೂರು ಮಹಡಿ ಹತ್ತುವಾಗ ಅತ್ತಿಗೆಯ ಕಿವಿಯಲ್ಲಿ ಆ ಮಾತು ಗುಂಯ್‌ಗುಡುತ್ತಿತ್ತು. ಸರಿಯಾಗಿದ್ದಾಗ ಅದು ಕಡ್ಡಿಯದು, ತಪ್ಪಾದ ಕೂಡಲೇ ಅತ್ತಿಗೆಯದು. ಇಪ್ಪತ್ತೊಂದು ವರ್ಷ ಬಯಸಿದ ಮಾತು, ಇದನ್ನು ಮೊದಲು ಕಂಡವಳು ಅತ್ತಿಗೆ ಎಂಬ ಮಾತು, ಕೊನೆಗೂ ಮುಖ್ಯಸ್ಥರ ಎದುರು ಬಂದಿತ್ತು. ಬಂದದ್ದು ಹೀಗೆ. ಅವಳಿಗೆ ಅಳು ಬರಲಿಲ್ಲ, ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಮುಖವೆಲ್ಲ ಬಿಸಿಯಾಗಿತ್ತು.

ಕಡ್ಡಿ ಹಿಂದೆಯೇ ಬಂದು, ಮೇಜಿನ ದೀಪ ಹಾಕಿ, ಹೊಸ ಚೀಟಿಗಳನ್ನೂ ಪೆನ್ನನ್ನೂ ತೆಗೆದಿಟ್ಟುಕೊಂಡಳು. "ಒಂದೊಂದೇ ಕೊಡಿ ಅತ್ತಿಗೆ. ಬೇಗ ಮುಗಿಸಿದ್ರೆ ಊಟಕ್ಕೆ ಮನೆಗೆ ಹೋಗಬಹುದು. ಅಣ್ಣ ಬೇಗ ಬರ್ತೀನಿ ಅಂದಿದ್ದಾನೆ."

ಅತ್ತಿಗೆ ಎರಡೂ ಟ್ರೇಗಳನ್ನು ಎಳೆದು ಅಕ್ಕಪಕ್ಕ ಇಟ್ಟಳು. ದ್ವೀಪದ ಮೊದಲ ಹಕ್ಕಿಯನ್ನು ಎತ್ತಿದಳು. ಅದರ ಕೊಕ್ಕು ಸ್ವಲ್ಪ ಉದ್ದ, ಪಿಕಳಾರದ್ದಕ್ಕಿಂತ ತೆಳು. ಅದನ್ನೂ ಅವಳು ಯಾವತ್ತೋ ಗಮನಿಸಿದ್ದಳು. ಇನ್ನು ಇದರ ಚೀಟಿಯ ಮೇಲಿನ ಹೆಸರು ಹೋಗುತ್ತದೆ. ಹೆಸರು ಹೋದ ಮೇಲೆ ಆ ದ್ವೀಪಕ್ಕೆ ಹೋಗಿ, ಆ ಕಾಡಿನಲ್ಲಿ ನಿಂತು, ಈ ಹಕ್ಕಿ ಇನ್ನೂ ಇದೆಯೇ ಎಂದು ಹುಡುಕುವವರು ಯಾರು? ಎಲ್ಲ ಕಡೆ ಇರುವ ಪಿಕಳಾರ ತಾನೇ, ಅಲ್ಲಿ ಯಾಕೆ ಹುಡುಕಬೇಕು ಎಂದುಕೊಳ್ಳುತ್ತಾರೆ.

ಬಾಯಿ ಮುಚ್ಚಿಕೊಂಡಿದ್ದರೆ ಕೈ ಉಳಿಯುತ್ತದೆ. ಇಪ್ಪತ್ತಾರು ವರ್ಷ ತಪ್ಪದ ಕೈ ಎಂಬ ಹೆಸರು, ಗ್ಲೌಸು, ಬ್ಲೇಡು, ಕೈಕಟ್ಟಿ ನಿಲ್ಲುವ ವಿದ್ವಾಂಸರು ಎಲ್ಲ ಉಳಿಯುತ್ತದೆ. ಕಣ್ಣು ಮಾತ್ರ ತಪ್ಪಾಗಿ ಹೋಗುತ್ತದೆ. ಬಾಯಿ ಬಿಟ್ಟರೆ ಕಣ್ಣು ಸರಿಯಾಗುತ್ತದೆ, ಕೈ ಹೋಗುತ್ತದೆ. ಸರಿಯಾದ ಆ ಕಣ್ಣೂ ಕಡ್ಡಿಯ ಹೆಸರಿನಲ್ಲೇ ಅಚ್ಚಾಗಬಹುದು. ಯಾವ ಕಡೆಯಿಂದ ನೋಡಿದರೂ ಅವಳಿಗೆ ಇದರಲ್ಲಿ ಲಾಭವಿರಲಿಲ್ಲ.

"ಅತ್ತಿಗೆ? ಕೊಡಿ."

"ಇದರ ಕಾಲು ನೋಡು" ಎಂದಳು ಅತ್ತಿಗೆ.

"ಕಾಲಿಗೇನಾಗಿದೆ?"

"ಅಡಿ ನೋಡು. ಕೆಂಪು ಪಟ್ಟಿ ಇದೆಯಲ್ಲ. ಗಾಯ ಎಲ್ಲಿದೆ ನೋಡು."

ಕಡ್ಡಿ ದೀಪ ಹತ್ತಿರಕ್ಕೆ ಎಳೆದಳು. ಅತ್ತಿಗೆ ಹಕ್ಕಿಯನ್ನು ತಿರುಗಿಸಿ ಹಿಡಿದಳು. ಮೊದಲು ಎಡಗಾಲು, ಆಮೇಲೆ ಬಲಗಾಲು. ಬೆರಳುಗಳ ಅಡಿಯ ಮೆತ್ತೆ ನೂರು ವರ್ಷದ ಹಿಂದೆ ಹೇಗಿತ್ತೋ ಹಾಗೇ ಇತ್ತು. ಕಡ್ಡಿ ಅವಳ ಮುಖ ನೋಡಿದಳು. ಅತ್ತಿಗೆ ಪಕ್ಕದ ಟ್ರೇಯಿಂದ ಪಟ್ಟಿಯಿಲ್ಲದ ಒಂದು ಪಿಕಳಾರವನ್ನು ಎತ್ತಿ ತಿರುಗಿಸಿದಳು. ಅಡಿಯಲ್ಲಿ ಎಳ್ಳಿನಷ್ಟು ಬಿಳಿ ಗುರುತು, ಅಂಚು ನೆಟ್ಟಗೆ, ಅವಳ ಕೈಯದೇ.

ಕಡ್ಡಿ ಎರಡೂ ಹಕ್ಕಿಗಳ ಕಾಲನ್ನು ಇನ್ನೊಮ್ಮೆ ನೋಡಿದಳು. "ತಪ್ಪಿ ಆಯ್ತಾ?" ಎಂದಳು ಕೊನೆಗೆ, ಹೂಂ ಎನ್ನಲಿ ಎಂದು ಬೇಡುವವಳ ಹಾಗೆ.

"ಇಲ್ಲ."

"ಮತ್ತೆ?"

"ನೀನು ಫೋಟೋ ತೆಗೆಸಿಕೊಳ್ಳೋಕೆ ಹೋಗಿದ್ಯಲ್ಲ, ಆಗ ಮಾಡಿದೆ. ಬೇಕು ಅಂತಲೇ ಮಾಡಿದೆ."

"ಯಾಕೆ ಅತ್ತಿಗೆ?"

"ಹೊಟ್ಟೆಕಿಚ್ಚು."

ಆ ಪದ ಹೊರಗೆ ಬಂದಾಗ ಅತ್ತಿಗೆಗೇ ಆಶ್ಚರ್ಯವಾಯಿತು. ಎಷ್ಟು ಸಣ್ಣ ಪದ. ಮೂರು ತಿಂಗಳಿಂದ ಮೈಯೆಲ್ಲ ತುಂಬಿಕೊಂಡಿದ್ದದ್ದು ಇಷ್ಟೇನಾ ಎನಿಸಿತು.

ಕಡ್ಡಿ ಸ್ಟೂಲಿನ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು, ಆದರೆ ದನಿ ಗಡುಸಾಗಿತ್ತು. "ಒಂದು ಪ್ರಭೇದದ ಹೆಸರು ಹೊಡೆದುಹಾಕ್ತಿದ್ದೆ ನಾನು. ಮುಂದಿನ ವಾರ ಅಚ್ಚಿಗೆ ಹೋಗ್ತಿತ್ತು. ಗೊತ್ತಾ ನಿಮ್ಗೆ?"

"ಗೊತ್ತು. ಅದಕ್ಕೇ ಹೇಳಿದ್ದು."

"ನನ್ನ ಮೇಲೆ ಕೋಪ ಇದ್ರೆ ಬೈಬೇಕಿತ್ತು. ಕೆನ್ನೆಗೆ ಹೊಡೀಬೇಕಿತ್ತು. ಹಕ್ಕಿ ಏನ್ ಮಾಡಿತ್ತು?"

ಅತ್ತಿಗೆ ಪಿಕಳಾರವನ್ನು ಅದರ ಟ್ರೇಯಲ್ಲಿ ಮಲಗಿಸಿದಳು. ಕಡ್ಡಿ ಮೂಗು ಒರೆಸಿಕೊಂಡು ಮೆಲ್ಲಗೆ, "ಮೊದಲು ನೋಡಿದ್ದು ಯಾರು ಅಂತ ನಂಗೆ ನಿಜಕ್ಕೂ ನೆನಪಿರಲಿಲ್ಲ ಅತ್ತಿಗೆ. ನಾನೇ ಅಂತ ಅಂದ್ಕೊಂಡಿದ್ದೆ. ಈಗ ನೆನಪಾದ ಮೇಲೂ ನನ್ನ ಕಣ್ಣಿಗೆ ಹಾಗೇ ಕಾಣುತ್ತೆ" ಎಂದಳು.

"ನಿನ್ನ ಕಣ್ಣೂ ನೋಡಿತ್ತು. ಸುಳ್ಳಲ್ಲ" ಎಂದಳು ಅತ್ತಿಗೆ. "ನನ್ನದು ಒಂದು ದಿನ ಮೊದಲು."

ಮುಖ್ಯಸ್ಥರಿಗೆ ಹೇಳಲೇಬೇಕಾಯಿತು. ಅತ್ತಿಗೆಯೇ ಇಳಿದು ಹೋಗಿ, ನಿಂತುಕೊಂಡೇ ಹೇಳಿದಳು. ಅವರು ಬಹಳ ಹೊತ್ತು ಪೇಪರ್‌ವೇಟು ತಿರುಗಿಸುತ್ತಿದ್ದರು. ಕೆಲಸದಿಂದ ತೆಗೆಯಲಿಲ್ಲ. ರಿಜಿಸ್ಟರಿನಲ್ಲಿ ಅವಳ ಸಹಿಯ ಪಕ್ಕ ಕೆಂಪು ಶಾಯಿಯಲ್ಲಿ ಸುಳ್ಳು ನಮೂದು ಎಂದು ಬರೆದರು. ಧೂಳು, ನುಸಿಗುಳಿಗೆ, ಡ್ರಾಯರು ಮೊದಲಿನಂತೆ ಅವಳದೇ. ಹಕ್ಕಿಗಳಿಗೆ ಬ್ಲೇಡು ತಾಗಿಸುವುದು ಇನ್ನು ಬೇಡ. "ನೀವು ಮಾಡಿದ್ರಿ ಅಂತ ನಂಗಿನ್ನೂ ನಂಬೋಕಾಗ್ತಿಲ್ಲ" ಎಂದರು ಅವರು. ಅವರ ಬಾಯಲ್ಲಿ ಆ ದಿನ ಅತ್ತಿಗೆ ಎಂಬ ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಹೊಸದಾಗಿ ಮಾದರಿ ತೆಗೆಯಲು ಇಬ್ಬರೂ ಮೇಜಿನ ಎದುರುಬದುರು ಕೂತರು. ಮನೆಯಲ್ಲಿ ಹಿಂದಿನ ದಿನ ಏನನ್ನೂ ಹೇಳಿರಲಿಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿ, "ನಿಮಗಿಬ್ಬರಿಗೂ ನಂಬರ್ ಬದಲಾಯಿಸ್ಬೇಕು, ಸರಿಯಾಗಿ ಕಾಣಿಸ್ತಿಲ್ಲ" ಎಂದು ತಾನೊಬ್ಬನೇ ನಕ್ಕಿದ್ದ.

ಕಡ್ಡಿ ಗ್ಲೌಸು ಹಾಕಿಕೊಂಡಳು. ಅವು ಅವಳ ಕೈಗೆ ಒಂದು ಸೈಜು ದೊಡ್ಡವು. ಅತ್ತಿಗೆಯ ಕೈಯಲ್ಲಿ ಸೀಸೆ. ಕಡ್ಡಿ ದ್ವೀಪದ ಹಕ್ಕಿಯನ್ನು ಎತ್ತುವಾಗ ಬಾಲ ಟ್ರೇಯ ಅಂಚಿಗೆ ತಾಗಿತು. ಅತ್ತಿಗೆ ತುಟಿ ಕಚ್ಚಿಕೊಂಡಳು. ಕಡ್ಡಿ ಹಕ್ಕಿಯನ್ನು ಅಂಗೈಯಲ್ಲಿ ತೀರ ಮೇಲಕ್ಕೆ ಮಲಗಿಸಿಕೊಂಡು, ಬ್ಲೇಡನ್ನು ಪೆನ್ಸಿಲ್ಲಿನಂತೆ ಹಿಡಿದಳು. ಹಾಗೆ ಹಿಡಿದರೆ ಹಕ್ಕಿಯ ಬೆರಳೇ ತುಂಡಾಗುತ್ತದೆ. ಅತ್ತಿಗೆಗೆ ಒಳಗೊಳಗೇ ಒಂದು ಸಣ್ಣ ಖುಷಿಯಾಯಿತು. ಇಷ್ಟೆಲ್ಲ ಓದಿದರೂ ಇದೊಂದು ಬರುವುದಿಲ್ಲ ಇವಳಿಗೆ. ಆ ಖುಷಿ ಎಲ್ಲಿಂದ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆ ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ಅದು ಎಲ್ಲಿಗೂ ಹೋಗಿರಲಿಲ್ಲ.

"ಹಾಗಲ್ಲ. ಕೊಡು ಇಲ್ಲಿ" ಎಂದು ಅವಳ ಕೈ ತಾನಾಗಿಯೇ ಮುಂದೆ ಹೋಯಿತು.

ಕಡ್ಡಿ ಕೊಡಲಿಲ್ಲ. ಹಕ್ಕಿಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು, "ಹೇಗೆ ಅಂತ ಹೇಳಿ" ಎಂದಳು.

ಅತ್ತಿಗೆ ಕೈ ಹಿಂದೆಗೆದುಕೊಂಡು ಸೀಸೆಯ ಮುಚ್ಚಳ ತಿರುಗಿಸಿದಳು.

"ಬ್ಲೇಡು ಮಲಗಿಸಿ ಹಿಡಿ. ಮಧ್ಯದ ಬೆರಳು ಬೇಡ, ಹಿಂದಿನ ಬೆರಳು ತಗೋ, ಅಲ್ಲಿ ಮೆತ್ತೆ ದಪ್ಪ ಇರುತ್ತೆ. ಇನ್ನೂ ಸ್ವಲ್ಪ ಮೇಲೆ. ಹಾಂ. ಅಲ್ಲೇ."